ಕೆಂಪು ಮೊಹರು, ಹಸಿರು ಮೊಹರು: ಜರ್ಮನಿಯ ಒಂದು ಸಾವಿರದ ನೋಟು

ಹಳೆಯ ನೋಟುಗಳ ಸಂಗ್ರಹಕ್ಕೆ ಹೊಸದಾಗಿ ಇಳಿದವರ ಕೈಗೆ ಬಹುಬೇಗ ಬಂದು ಸೇರುವ ವಿದೇಶಿ ನೋಟುಗಳಲ್ಲಿ ಜರ್ಮನಿಯ ಸಾವಿರ ಮಾರ್ಕಿನದೂ ಒಂದು. ಕಂದು ಬಣ್ಣ, ತುಂಬ ಕುಸುರಿ, ಹರಡಿ ಹಿಡಿದರೆ ಅಂಗೈಯನ್ನೂ ಮೀರುವ ಅಳತೆ. ಮೇಲೆ ಗೋಥಿಕ್ ಅಕ್ಷರಗಳಲ್ಲಿ ‘ಬರ್ಲಿನ್, 21 ಏಪ್ರಿಲ್ 1910’ ಎಂದಿದೆ. ಕೈಸರ್ ಆಳುತ್ತಿದ್ದ ಕಾಲದ್ದು, ಅದೂ ಸಾವಿರದ್ದು ಎಂದು ಹಿಗ್ಗಿದವರು ಮಾರುಕಟ್ಟೆಯಲ್ಲಿ ಅದರ ಬೆಲೆ ಕೇಳಿ ಪೆಚ್ಚಾಗುತ್ತಾರೆ. ಹಸಿರು ಮೊಹರಿನದಾದರೆ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡಿಗೂ ಸಿಗಬಹುದು. ನೂರು ವರ್ಷ ದಾಟಿದ ವಸ್ತು ಇಷ್ಟು ಅಗ್ಗವಾಗಿದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ನೋಟಿನ ಮೇಲೆಯೇ ಇದೆ, ಆದರೆ ತಾರೀಖಿನಲ್ಲಿ ಇಲ್ಲ. ಅದನ್ನು ಹುಡುಕಲು ನೋಟನ್ನು ವಿವರಿಸುವ ಶಿಸ್ತು ಬೇಕು. ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಕಡತ, ಪತ್ರ, ವರದಿಗಳನ್ನು ಓದುವ ಅಭ್ಯಾಸವಿದೆ. ನೋಟು ಕೂಡ ಅಂಥದೇ ಒಂದು ದಾಖಲೆ ಎಂದುಕೊಂಡು ಕೂತರೆ ಅದು ಹೇಳುವುದು ಬಹಳಷ್ಟಿದೆ. ಹೇಳದೆ ಮುಚ್ಚಿಡುವುದೂ ಅಷ್ಟೇ ಇದೆ.

ಮೊದಲು ಕಣ್ಣಿಗೆ ಕಾಣುವುದನ್ನೇ ಬರೆದುಕೊಳ್ಳೋಣ. ಅಗಲ 187 ಮಿಲಿಮೀಟರ್, ಎತ್ತರ 110 ಮಿಲಿಮೀಟರ್. ಅಂಚು ಕತ್ತರಿಸಿ ಸವರಿದ ನೋಟನ್ನು ಹಿಡಿಯಲು ಈ ಅಳತೆಯೇ ಸಾಕು. ಹಾಗಾಗಿ ಸಂಗ್ರಾಹಕರ ಮೊದಲ ಉಪಕರಣ ಭೂತಗನ್ನಡಿಗಿಂತ ಸ್ಕೇಲು. ಮುಂಬದಿಯಲ್ಲಿ ಬರಹಕ್ಕೇ ಪ್ರಾಧಾನ್ಯ. ಬರ್ಲಿನ್ನಿನ ರೈಷ್‌ಬ್ಯಾಂಕ್ ಮುಖ್ಯ ಖಜಾನೆಯು ಈ ನೋಟನ್ನು ತಂದೊಪ್ಪಿಸಿದವರಿಗೆ, ಅವರು ಯಾರು ಏನು ಎಂದು ವಿಚಾರಿಸದೆ, ಒಂದು ಸಾವಿರ ಮಾರ್ಕ್ ಕೊಡುತ್ತದೆ ಎಂಬ ಮಾತು ಅಲ್ಲಿದೆ. ನಮ್ಮ ರೂಪಾಯಿ ನೋಟಿನ ಮೇಲೆ ಗವರ್ನರ್ ಧಾರಕನಿಗೆ ಕೊಡುವ ವಚನದ ಜಾತಿಯದೇ ಇದು. ಕೆಳಗೆ ಬ್ಯಾಂಕಿನ ನಿರ್ದೇಶಕ ಮಂಡಳಿಯ ಸಹಿಗಳು, ಎರಡು ಮೊಹರುಗಳು, ಕ್ರಮಸಂಖ್ಯೆ. ಹಿಂಬದಿಯಲ್ಲಿ ಸಾಮ್ರಾಜ್ಯದ ಲಾಂಛನ, ಅದರ ಅಕ್ಕಪಕ್ಕ ಕುಳಿತ ಇಬ್ಬರು ಹೆಂಗಸರು. ಒಬ್ಬಾಕೆ ನೌಕಾಯಾನದ ಸಂಕೇತ, ಇನ್ನೊಬ್ಬಾಕೆ ಬೇಸಾಯದ ಸಂಕೇತ. ಖೋಟಾ ನೋಟು ಮಾಡುವವರಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸೆರೆವಾಸ ಎಂಬ ಎಚ್ಚರಿಕೆಯನ್ನೂ ಅಚ್ಚು ಹಾಕಿದ್ದಾರೆ.

ಈ ಮಾತಿಗೆ 1910ರಲ್ಲಿ ಎಷ್ಟು ತೂಕವಿತ್ತು ಎಂಬುದನ್ನು ಅಕ್ಷರಶಃ ತೂಗಿ ಹೇಳಬಹುದು. ಆಗಿನ ಜರ್ಮನ್ ಕಾನೂನಿನಂತೆ ಒಂದು ಕಿಲೋ ಚಿನ್ನಕ್ಕೆ 2,790 ಮಾರ್ಕ್. ಅಂದರೆ ಸಾವಿರ ಮಾರ್ಕಿಗೆ ಸುಮಾರು 358 ಗ್ರಾಂ ಅಪ್ಪಟ ಚಿನ್ನ. ಇಪ್ಪತ್ತು ಮಾರ್ಕಿನ ಚಿನ್ನದ ನಾಣ್ಯಗಳಾದರೆ ಐವತ್ತು. ಒಬ್ಬ ಸಾಮಾನ್ಯ ಕಾರ್ಮಿಕನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಅದು. 1909ರ ಜೂನ್ 1ರ ಕಾನೂನು ರೈಷ್‌ಬ್ಯಾಂಕ್ ನೋಟುಗಳನ್ನು 1910ರ ಜನವರಿಯಿಂದ ಕಾನೂನುಬದ್ಧ ಹಣವೆಂದು ಸಾರಿತು. ಜೊತೆಗೆ, ಕೇಳಿದವರಿಗೆ ಬ್ಯಾಂಕು ಚಿನ್ನದ ನಾಣ್ಯ ಕೊಡಬೇಕು ಎಂಬ ಹೊಣೆಯನ್ನೂ ಹೊರಿಸಿತು. ನಮ್ಮ ನೋಟಿನ ತಾರೀಖು ಇದಾದ ಕೆಲವೇ ತಿಂಗಳ ಮೇಲಿನದು. 1876ರಲ್ಲಿ ಶುರುವಾದ ಈ ಬ್ಯಾಂಕಿನ ಅತಿ ದೊಡ್ಡ ನೋಟೂ ಇದೇ ಆಗಿತ್ತು. 1922ರ ಆರಂಭದಲ್ಲಿ ಹತ್ತು ಸಾವಿರದ್ದು ಬರುವವರೆಗೆ ಇದಕ್ಕಿಂತ ದೊಡ್ಡದು ಇರಲಿಲ್ಲ. ಆ ದಿನಗಳಲ್ಲಿ ಇದನ್ನು ಕೈಯಲ್ಲಿ ಹಿಡಿಯುವ ಪ್ರಸಂಗವೇ ಎಷ್ಟೋ ಜನರಿಗೆ ಬಂದಿರಲಿಕ್ಕಿಲ್ಲ.

ಈಗ ಮೊಹರಿನ ಬಣ್ಣ ನೋಡೋಣ. ಒಂದೇ ಅಳತೆ, ಒಂದೇ ಚಿತ್ರ, ಒಂದೇ ತಾರೀಖಿನ ಈ ನೋಟಿನಲ್ಲಿ ಎರಡು ಬಗೆ ಇವೆ. ಕೆಲವದರಲ್ಲಿ ಮೊಹರು, ಕ್ರಮಸಂಖ್ಯೆ ಎರಡೂ ಕೆಂಪು. ಕೆಲವದರಲ್ಲಿ ಎರಡೂ ಹಸಿರು. ಆಲ್ಬರ್ಟ್ ಪಿಕ್ ಎಂಬ ಜರ್ಮನ್ ಸಂಗ್ರಾಹಕರು ಸಿದ್ಧಪಡಿಸಿದ, ಇಂದು ಜಗತ್ತಿನ ನೋಟು ಸಂಗ್ರಾಹಕರೆಲ್ಲ ಬಳಸುವ ಸೂಚಿಯಲ್ಲಿ ಕೆಂಪಿಗೆ 44, ಹಸಿರಿಗೆ 45 ಎಂದು ಬೇರೆ ಬೇರೆ ಸಂಖ್ಯೆ. ಹಸಿರು ಮೊಹರಿನ ನೋಟುಗಳು ಅಚ್ಚಾಗಿದ್ದು ಮೊದಲ ಮಹಾಯುದ್ಧದ ಕೊನೆಯಿಂದ 1922ರವರೆಗೆ. ಅಷ್ಟು ಹೊತ್ತಿಗೆ ಕೈಸರ್ ವಿಲ್‌ಹೆಲ್ಮ್ ಸಿಂಹಾಸನ ಬಿಟ್ಟು ಹಾಲೆಂಡಿಗೆ ಹೋಗಿದ್ದ, ಜರ್ಮನಿ ಗಣರಾಜ್ಯವಾಗಿತ್ತು. ಆದರೂ ಹೊಸ ಸರ್ಕಾರದ ಕಾಲದಲ್ಲಿ ಹಳೆಯ ಸಾಮ್ರಾಜ್ಯದ ಲಾಂಛನ ಹೊತ್ತ, 1910ರ ತಾರೀಖು ಹೊತ್ತ ನೋಟುಗಳು ರಾಶಿ ರಾಶಿಯಾಗಿ ಅಚ್ಚಾಗುತ್ತಲೇ ಇದ್ದವು. ಅಚ್ಚುಗಳು ಸಿದ್ಧವಿದ್ದವು, ಹಣದ ಬೇಡಿಕೆ ಏರುತ್ತಿತ್ತು. ನೋಟಿನ ಮೇಲಿನ ತಾರೀಖು ಹಾಗೆಯೇ ನಿಂತುಬಿಟ್ಟಿತು.

ಆದ್ದರಿಂದ ನೋಟು ವಿವರಿಸುವವರ ಮೊದಲ ನಿಯಮ: ನೋಟಿನ ಮೇಲಿನ ತಾರೀಖು ಬೇರೆ, ಅದು ಅಚ್ಚಾದ ಕಾಲ ಬೇರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಶಾಸನಗಳನ್ನು ಓದುವವರಿಗೆ ಇದು ಹೊಸ ಮಾತಲ್ಲ. ಪಶ್ಚಿಮ ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ನಡುವೆ ನಡೆದ ವಾದದ ಒಂದು ಮುಖ್ಯ ಎಳೆ ಇದೇ ಆಗಿತ್ತು: ಪಟ ಹೇಳುವ ಕಾಲಕ್ಕೂ ಅದರ ಲಿಪಿ ತೋರಿಸುವ ಕಾಲಕ್ಕೂ ಹೊಂದಿಕೆ ಇದೆಯೇ? ಅಲ್ಲಿ ಲಿಪಿ ಮಾಡುವ ಕೆಲಸವನ್ನು ಇಲ್ಲಿ ಶಾಯಿಯ ಬಣ್ಣ ಮಾಡುತ್ತದೆ. ವ್ಯತ್ಯಾಸವೆಂದರೆ ಈ ಹಸಿರು ನೋಟು ಖೋಟಾ ಅಲ್ಲ. ಸರ್ಕಾರದ ಬ್ಯಾಂಕೇ ಹೊರಡಿಸಿದ ಅಸಲಿ ನೋಟು.

ತಾರೀಖು ನಿಂತಲ್ಲೇ ನಿಂತಿದ್ದಾಗ ಮಾತಿನ ಬೆಲೆ ಎಲ್ಲಿಗೆ ಹೋಯಿತು? 1914ರ ಜುಲೈ ಕೊನೆಯಲ್ಲಿ ಯುದ್ಧದ ಸುಳಿವು ಸಿಕ್ಕಿದ್ದೇ ರೈಷ್‌ಬ್ಯಾಂಕ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ಆಗಸ್ಟ್ 4ರ ಕಾನೂನು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಯುದ್ಧದ ಖರ್ಚಿನ ಬಹುಪಾಲನ್ನು ತೆರಿಗೆಯಿಂದ ಎತ್ತದೆ ಸಾಲದಿಂದ ಎತ್ತಿದರು. ಗೆದ್ದರೆ ಸೋತವರಿಂದ ವಸೂಲು ಮಾಡಬಹುದೆಂಬ ಲೆಕ್ಕ. ಸೋತದ್ದು ಜರ್ಮನಿ. ಯುದ್ಧಪರಿಹಾರದ ಹೊರೆ, ಖಾಲಿ ಬೊಕ್ಕಸ, ಒಳಗಿನ ರಾಜಕೀಯದ ತಿಕ್ಕಾಟ ಎಲ್ಲ ಸೇರಿ ನೋಟು ಅಚ್ಚು ಹಾಕುವುದೊಂದೇ ದಾರಿ ಎನ್ನುವಂತಾಯಿತು. 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಕೈಗಾರಿಕಾ ಪ್ರದೇಶವನ್ನು ಆಕ್ರಮಿಸಿದವು. ಕೆಲಸ ನಿಲ್ಲಿಸಿ ಪ್ರತಿಭಟಿಸಿದ ಅಲ್ಲಿನ ಕಾರ್ಮಿಕರ ಸಂಬಳವನ್ನೂ ಸರ್ಕಾರ ಕಾಗದದಲ್ಲೇ ಕೊಟ್ಟಿತು.

ಒಂದು ಡಾಲರ್ ಕೊಳ್ಳಲು ಯುದ್ಧಕ್ಕೆ ಮುಂಚೆ 4.2 ಮಾರ್ಕ್ ಸಾಕಿತ್ತು. ಅಂದರೆ ನಮ್ಮ ಸಾವಿರದ ನೋಟಿಗೆ ಸುಮಾರು 238 ಡಾಲರ್. 1922ರ ಜನವರಿಯ ಹೊತ್ತಿಗೆ ಅದೇ ನೋಟಿಗೆ ಐದು ಡಾಲರ್. 1923ರ ಜನವರಿಯಲ್ಲಿ ಐದಾರು ಸೆಂಟ್. ಆ ವರ್ಷದ ನವೆಂಬರ್ 20ಕ್ಕೆ ಒಂದು ಡಾಲರ್ ಎಂದರೆ 4.2 ಲಕ್ಷ ಕೋಟಿ ಮಾರ್ಕ್. ಒಂದೇ ಒಂದು ಡಾಲರಿಗೆ ಇಂಥ 420 ಕೋಟಿ ನೋಟು ಎಣಿಸಬೇಕಿತ್ತು. ನೋಟು ಅಚ್ಚು ಹಾಕಲು ಸರ್ಕಾರಿ ಮುದ್ರಣಾಲಯ ಸಾಲದೆ 133 ಹೊರಗಿನ ಮುದ್ರಣಾಲಯಗಳು, 1,783 ಯಂತ್ರಗಳು ದುಡಿದವು. ಒಂದು ಸಾವಿರ ಮಾರ್ಕಿಗೆಂದು 1922ರ ಡಿಸೆಂಬರ್ 15ರ ತಾರೀಖಿನಲ್ಲಿ ತಯಾರಾದ ಬೇರೊಂದು ನೋಟು ಹೊರಬರುವ ಮೊದಲೇ ಸವಕಲಾಗಿತ್ತು. 1923ರಲ್ಲಿ ಅದರ ಮೇಲೆ ಅಡ್ಡಲಾಗಿ ‘ನೂರು ಕೋಟಿ ಮಾರ್ಕ್’ ಎಂದು ಕೆಂಪಕ್ಷರದಲ್ಲಿ ಒತ್ತಿ ಚಲಾವಣೆಗೆ ಬಿಟ್ಟರು. ಸಂಗ್ರಾಹಕರು ಇಂದಿಗೂ ಇಷ್ಟಪಡುವ ನೋಟು ಅದು. ಹಳೆಯ ತಾರೀಖು, ಹೊಸ ಬೆಲೆ, ಎರಡೂ ಒಂದೇ ಕಾಗದದ ಮೇಲೆ.

ಸಹಿಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಸಾವಿರದ ನೋಟಿನ ಮೊದಲ ಸಹಿ ರೈಷ್‌ಬ್ಯಾಂಕಿನ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್ ಅವರದು. 1908ರಲ್ಲಿ ಅಧಿಕಾರಕ್ಕೆ ಬಂದ ಅವರು ಚಿನ್ನದ ಮಾರ್ಕನ್ನೂ ನೋಡಿದರು, ಲಕ್ಷ ಕೋಟಿಯ ಕಾಗದವನ್ನೂ ನೋಡಿದರು. ತೀರಿಕೊಂಡದ್ದು 1923ರ ನವೆಂಬರ್ 20ರಂದು, ಡಾಲರ್ 4.2 ಲಕ್ಷ ಕೋಟಿ ಮುಟ್ಟಿದ ಅದೇ ದಿನ. ಅವರ ಪಕ್ಕದಲ್ಲಿ ‘ಫಾನ್ ಗ್ಲಾಸೆನಾಪ್’ ಎಂಬ ಸಹಿ ಇದೆ. ಬ್ಯಾಂಕಿನ ಉಪಾಧ್ಯಕ್ಷರಾಗಿದ್ದ ಒಟ್ಟೊ ಫಾನ್ ಗ್ಲಾಸೆನಾಪ್ ಅವರದು. ಹಣಕಾಸಿನ ಈ ಅಧಿಕಾರಿಗೆ ಭಾರತೀಯ ಕಾವ್ಯದ ಹುಚ್ಚಿತ್ತು; ನಮ್ಮ ಕವಿತೆಗಳನ್ನು ಜರ್ಮನ್ ಭಾಷೆಗೆ ತಂದರು. ಅವರ ಮಗನೇ ಪ್ರಸಿದ್ಧ ಭಾರತಶಾಸ್ತ್ರಜ್ಞ ಹೆಲ್ಮುಟ್ ಫಾನ್ ಗ್ಲಾಸೆನಾಪ್. ಜೈನ ಧರ್ಮದ ಮೇಲಿನ ಅವರ ಗ್ರಂಥವನ್ನು ಓದಿದವರು ನಮ್ಮಲ್ಲಿ ಇದ್ದಾರೆ. ಉಡುಪಿಯ ಮಧ್ವಾಚಾರ್ಯರ ದರ್ಶನವನ್ನು ಕುರಿತ ಅವರ ಜರ್ಮನ್ ಪುಸ್ತಕ ಪ್ರಕಟವಾದ ವರ್ಷ 1923. ತಂದೆಯ ಸಹಿ ಇರುವ ನೋಟು ರದ್ದಿಯಾಗುತ್ತಿದ್ದ ವರ್ಷವೇ ಮಗ ತುಳುನಾಡಿನ ಆಚಾರ್ಯನೊಬ್ಬನ ದ್ವೈತ ಸಿದ್ಧಾಂತವನ್ನು ಜರ್ಮನ್ ಓದುಗರಿಗೆ ಪರಿಚಯಿಸಿದ್ದ. ನೋಟಿನ ಮೇಲಿನ ಸಹಿಯೊಂದನ್ನು ಬಿಡಿಸಿ ಓದಿದರೆ ಬರ್ಲಿನ್ನಿನ ಬ್ಯಾಂಕಿನಿಂದ ಉಡುಪಿಯ ತನಕ ದಾರಿ ತೆರೆಯುವುದು ಹೀಗೆ.

1923ರ ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂತು. ಒಂದು ಲಕ್ಷ ಕೋಟಿ ಕಾಗದದ ಮಾರ್ಕಿಗೆ ಒಂದು ರೆಂಟನ್‌ಮಾರ್ಕ್. ಬೆಲೆಗಳು ನಿಂತವು, ಅಂಗಡಿಗಳು ತುಂಬಿದವು. ಇತಿಹಾಸದ ಪಠ್ಯಗಳು ಸಾಮಾನ್ಯವಾಗಿ ಇಲ್ಲಿಗೆ ಅಧ್ಯಾಯ ಮುಗಿಸುತ್ತವೆ. ಆದರೆ ನೋಟಿನ ಕತೆ ಇಲ್ಲಿಗೆ ಮುಗಿಯಲಿಲ್ಲ. ಹೊಸ ಲೆಕ್ಕದಲ್ಲಿ ಸರ್ಕಾರದ 15,400 ಕೋಟಿ ಮಾರ್ಕಿನ ಯುದ್ಧಸಾಲ ಬರೀ 15.4 ಫೆನಿಗ್‌ಗೆ ಇಳಿದಿತ್ತು. ಫೆನಿಗ್ ಎಂದರೆ ಮಾರ್ಕಿನ ನೂರರಲ್ಲಿ ಒಂದು ಪಾಲು. ದೇಶಭಕ್ತಿಯಿಂದ ಯುದ್ಧಸಾಲಕ್ಕೆ ಹಣ ಕೊಟ್ಟ ಮಾಸ್ತರರು, ವಿಧವೆಯರು, ನಿವೃತ್ತ ಗುಮಾಸ್ತರು ಬರಿಗೈಯಾದರು. ಸಾಲ ಮಾಡಿದವರು ಪಾರಾದರು, ಉಳಿತಾಯ ಮಾಡಿದವರು ಮುಳುಗಿದರು.

ಮುಳುಗಿದವರು ನ್ಯಾಯ ಕೇಳಿದರು. ಮಾರ್ಕ್ ಎಂದರೆ ಮಾರ್ಕ್, ಇಂದಿನ ಮಾರ್ಕೂ ಹಿಂದಿನ ಮಾರ್ಕೂ ಒಂದೇ ಎಂಬ ತತ್ವವನ್ನು ಜರ್ಮನಿಯ ನ್ಯಾಯಾಲಯಗಳು ಬಹುಕಾಲ ಹಿಡಿದುಕೊಂಡಿದ್ದವು. 1923ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಅಡಮಾನದ ಮೊಕದ್ದಮೆಯೊಂದರಲ್ಲಿ ಆ ತತ್ವವನ್ನು ಕೈಬಿಟ್ಟಿತು. ಚಿನ್ನದ ಕಾಲದಲ್ಲಿ ಕೊಟ್ಟ ಸಾಲವನ್ನು ರದ್ದಿ ಕಾಗದದಲ್ಲಿ ತೀರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ ಎಂದಿತು. 1925ರ ಜುಲೈ 16ರ ಮರುಮೌಲ್ಯ ಕಾನೂನು ಅಡಮಾನ ಸಾಲಗಳಿಗೆ ಮೂಲ ಬೆಲೆಯ ಶೇಕಡಾ 25ರಷ್ಟನ್ನು ಮರಳಿ ಕೊಡಿಸಿತು. ಸರ್ಕಾರಿ ಸಾಲಪತ್ರ ಇಟ್ಟುಕೊಂಡವರಿಗೆ ಅದಕ್ಕಿಂತ ಬಹಳ ಕಡಿಮೆ. ನೋಟು ಇಟ್ಟುಕೊಂಡವರಿಗೆ ಏನೂ ಇಲ್ಲ.

ಆಗ ಜನ ಪೆಟ್ಟಿಗೆಯಲ್ಲಿದ್ದ ನೋಟುಗಳನ್ನು ಹೊರತೆಗೆದು ಮೊಹರಿನ ಬಣ್ಣ ನೋಡತೊಡಗಿದರು. ಹಸಿರಾದರೆ ಯುದ್ಧದ ನಂತರದ್ದು, ಬೆಲೆಯಿಲ್ಲದ್ದು. ಕೆಂಪಾದರೆ ಯುದ್ಧಕ್ಕೆ ಮುಂಚಿನದು, ಚಿನ್ನದ ಮಾತು ಹೊತ್ತದ್ದು. ಇಂದಲ್ಲ ನಾಳೆ ಬ್ಯಾಂಕು ಅದಕ್ಕೆ ಚಿನ್ನದ ಬೆಲೆ ಕೊಡಲೇಬೇಕು. ಇಂಥ ನಂಬಿಕೆ ಹಬ್ಬಿತು. ಕೆಂಪು ಮೊಹರಿನ ಸಾವಿರದ ನೋಟು ಇದ್ದವರು ಸಂಘ ಕಟ್ಟಿಕೊಂಡರು, ವಕೀಲರ ಮನೆ ಬಾಗಿಲು ತಟ್ಟಿದರು. ನ್ಯಾಯಾಲಯಗಳು ಈ ಬೇಡಿಕೆಯನ್ನು ಒಪ್ಪಲಿಲ್ಲ. ಆದರೂ ನಂಬಿಕೆ ಸಾಯಲಿಲ್ಲ. 1932ರ ಮಾರ್ಚ್ 13ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಂಡನ್‌ಬರ್ಗ್, ಹಿಟ್ಲರ್, ಟೇಲ್‌ಮನ್, ಡ್ಯೂಸ್ಟರ್‌ಬರ್ಗ್ ಜೊತೆಗೆ ಐದನೆಯ ಅಭ್ಯರ್ಥಿಯೊಬ್ಬನಿದ್ದ, ಗುಸ್ತಾವ್ ವಿಂಟರ್. ಹಣದುಬ್ಬರದಲ್ಲಿ ಕಳೆದುಕೊಂಡವರ ಪರ ಎಂದು ನಿಂತ ಅವನ ಭರವಸೆ ಕೆಂಪು ಮೊಹರಿನ ಸಾವಿರದ ನೋಟುಗಳಿಗೆ ಮರಳಿ ಬೆಲೆ ಕೊಡಿಸುವುದೇ ಆಗಿತ್ತು. ವಂಚನೆಯ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಮನುಷ್ಯ ಅವನು. ಅವನಿಗೆ 1,11,423 ಜನ ಮತ ಹಾಕಿದರು. ಒಟ್ಟು ಮತಗಳಲ್ಲಿ ಅದು ಶೇಕಡಾ 0.3 ಮಾತ್ರ. ಆದರೆ ಮಾರ್ಕು ಸತ್ತು ಎಂಟು ವರ್ಷ ಕಳೆದ ಮೇಲೂ ಮೊಹರಿನ ಶಾಯಿಯ ಬಣ್ಣದಲ್ಲಿ ಪ್ರಾಣ ಇಟ್ಟುಕೊಂಡವರು ಒಂದು ಲಕ್ಷ ಜನ ಇದ್ದರಲ್ಲ ಎಂದು ನಾನು ಆ ಅಂಕಿಯನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಅವರ ನಂಬಿಕೆಯಲ್ಲಿ ಎರಡು ತೊಡಕುಗಳಿದ್ದವು. ನೋಟನ್ನು ಸರಿಯಾಗಿ ವಿವರಿಸಿದರೆ ಎರಡೂ ಗೊತ್ತಾಗುತ್ತವೆ. ಒಂದು, ನೋಟಿನ ಮೇಲೆ ಚಿನ್ನ ಎಂಬ ಪದವೇ ಇಲ್ಲ. ಸಾವಿರ ಮಾರ್ಕ್ ಕೊಡುತ್ತೇವೆ ಎಂದಷ್ಟೇ ಇದೆ. ಚಿನ್ನದ ಹೊಣೆ ಇದ್ದದ್ದು ಕಾನೂನಿನ ಪುಸ್ತಕದಲ್ಲಿ. ಕಾನೂನನ್ನು 1914ರಲ್ಲೇ ತಡೆಹಿಡಿದಿದ್ದರು. ಎರಡು, ಕೆಂಪು ಮೊಹರು ಯುದ್ಧದ ಮುಂಚಿನದು ಎನ್ನುವುದೂ ಪೂರ್ತಿ ನಿಜವಲ್ಲ. ಕೆಂಪು ಶಾಯಿ ಯುದ್ಧದ ಉದ್ದಕ್ಕೂ ಬಳಕೆಯಲ್ಲಿತ್ತು. ಮೊದಮೊದಲ ಕೆಂಪು ನೋಟುಗಳ ಕ್ರಮಸಂಖ್ಯೆ ಆರು ಅಂಕಿಯದು. ಯುದ್ಧದ ವರ್ಷಗಳಲ್ಲಿ ನೋಟುಗಳು ಹೆಚ್ಚಿದಂತೆ ಅದು ಏಳು ಅಂಕಿಗೆ ಏರಿತು. ಏಳಂಕಿಯ ಕೆಂಪು ನೋಟು ಅಚ್ಚಾದಾಗ ಬ್ಯಾಂಕು ಚಿನ್ನ ಕೊಡುವುದನ್ನು ಆಗಲೇ ನಿಲ್ಲಿಸಿತ್ತು. ಮಾತು ಮುರಿದ ಗೆರೆ ಕೆಂಪಿಗೂ ಹಸಿರಿಗೂ ನಡುವೆ ಇರಲಿಲ್ಲ. ಅದು ಕೆಂಪಿನ ಒಳಗೇ ಹಾದುಹೋಗಿತ್ತು. ನೋಟು ಅದನ್ನು ಯಾವ ಬಣ್ಣದಲ್ಲೂ ಗುರುತು ಮಾಡಲಿಲ್ಲ.

ಹಾಗಂತ ಅವರನ್ನು ಮೂಢರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಮಗೆ ಆದದ್ದು ಅನ್ಯಾಯ ಎಂಬುದು ಅವರಿಗೆ ಗೊತ್ತಿತ್ತು, ಅದು ನಿಜವೂ ಹೌದು. ಆ ಅನ್ಯಾಯಕ್ಕೆ ಸಾಕ್ಷಿಯಾಗಿ ತೋರಿಸಲು ಅವರ ಕೈಯಲ್ಲಿದ್ದದ್ದು ಆ ಕಾಗದವೊಂದೇ. ಸರ್ಕಾರ ತಾರೀಖು ಬದಲಿಸದೆ, ಮಾತು ಬದಲಿಸದೆ, ಬೆಲೆಯನ್ನು ಮಾತ್ರ ಹೋಗಗೊಟ್ಟಿತ್ತು. ಬದಲಾವಣೆಯ ಒಂದೇ ಗುರುತೆಂದು ಕಂಡದ್ದು ಮೊಹರಿನ ಬಣ್ಣ. ಅದನ್ನೇ ಅವರು ಹಿಡಿದುಕೊಂಡರು.

ಇಂಥ ನೋಟು ನಿಮ್ಮ ಕೈಗೆ ಬಂದರೆ ಅದನ್ನು ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಹರಿದಲ್ಲಿ ಟೇಪು ಅಂಟಿಸಬೇಡಿ. ಮಡಿಕೆಯೂ ಅದರ ಚರಿತ್ರೆಯೇ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಲಕೋಟೆ ವರ್ಷಗಳು ಕಳೆದಂತೆ ಕಾಗದವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಲಕೋಟೆಯಲ್ಲಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಎಷ್ಟು ಮಡಿಕೆ, ಎಲ್ಲಿ ಪಿನ್ನಿನ ತೂತು, ಅಂಚು ಎಲ್ಲಿ ಸವೆದಿದೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ‘ಅಪರೂಪದ್ದು’ ಎಂಬ ಪದವನ್ನು ಮಾರುವವರಿಗೆ ಬಿಟ್ಟುಕೊಡಿ.

ಕೊನೆಗೆ ಹಸಿರು ಮೊಹರಿನ ಒಂದು ನೋಟಿನ ವಿವರ ಹೀಗೆ ಇರಬಹುದು. ಜರ್ಮನಿ, ರೈಷ್‌ಬ್ಯಾಂಕ್, ಒಂದು ಸಾವಿರ ಮಾರ್ಕ್. ಅಳತೆ 187 × 110 ಮಿಲಿಮೀಟರ್, ಕಂದು ಬಣ್ಣ. ನೋಟಿನ ಮೇಲಿನ ತಾರೀಖು 21 ಏಪ್ರಿಲ್ 1910. ಮೊಹರು ಮತ್ತು ಕ್ರಮಸಂಖ್ಯೆ ಹಸಿರು. ಆದ್ದರಿಂದ ಅಚ್ಚಾದದ್ದು ಮಹಾಯುದ್ಧದ ಕೊನೆಯಿಂದ 1922ರೊಳಗೆ. ಸಹಿಗಳಲ್ಲಿ ಹಾವೆನ್‌ಸ್ಟೈನ್, ಫಾನ್ ಗ್ಲಾಸೆನಾಪ್. ಪಿಕ್ ಸೂಚಿಯಲ್ಲಿ 45. ನಡುವೆ ಒಂದು ಉದ್ದ ಮಡಿಕೆ, ಎರಡು ಅಡ್ಡ ಮಡಿಕೆ, ಬಲತುದಿಯಲ್ಲಿ ಸಣ್ಣ ಹರಿತ. ಅಚ್ಚಾಗುವ ಹೊತ್ತಿಗೆ ಇದರ ಬದಲಿಗೆ ಚಿನ್ನ ಕೊಡುವುದು ನಿಂತಿತ್ತು.